ಫ್ಲೋಟಿನ ಮೇಲೆ ಕುಳಿತ ಮರಗಪ್ಪೆ

ಎರಡು ವರ್ಷದ ಹಿಂದಿನ ಏಪ್ರಿಲ್. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ಹನಿ ನೀರಿಲ್ಲ. ರಾತ್ರಿ ತುಂಬಿಸಿಟ್ಟಿದ್ದ ಸಾವಿರ ಲೀಟರಿನ ಟ್ಯಾಂಕು ಬರಿದಾಗಿತ್ತು. ಹಿತ್ತಿಲಿಗೆ ಓಡಿದೆ. ಹಕ್ಕಿಗಳಿಗೆಂದು ಇಟ್ಟ ಕಲ್ಲುಮರಿಗೆ ತುಂಬಿ ಹರಿದು ಬಾಳೆಯ ಬುಡವೆಲ್ಲ ಕೆಸರಾಗಿತ್ತು. ಮರಿಗೆಯ ಮೂಲೆಯಲ್ಲಿ, ನಾನು ಕೂರಿಸಿದ್ದ ಫ್ಲೋಟ್ ಸ್ವಿಚ್ಚಿನ (ನೀರು ಏರಿದಂತೆ ತೇಲಿ ಮೇಲೆದ್ದು, ಸಾಕೆಂದು ಯಂತ್ರಕ್ಕೆ ಹೇಳುವ ಸ್ವಿಚ್ಚು) ಮೇಲೆ ಒಂದು ಮರಗಪ್ಪೆ ಕೈಕಾಲು ಮಡಚಿಕೊಂಡು ಕುಳಿತಿತ್ತು. ಅದರ ಭಾರಕ್ಕೆ ಫ್ಲೋಟ್ ಮೇಲೇಳಲೇ ಇಲ್ಲ. ಮರಿಗೆಯಲ್ಲಿ ನೀರಿಲ್ಲ ಎಂದೇ ಯಂತ್ರ ತಿಳಿದುಕೊಂಡಿತ್ತು.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಹಿತ್ತಿಲು ಮುಗಿದಲ್ಲಿ ಬೆಟ್ಟ ಶುರುವಾಗುತ್ತದೆ. ಹಗಲಿಗೆ ಪಿಕಳಾರ, ಮಡಿವಾಳ ಹಕ್ಕಿ, ಕೆಂದಳಿಲು, ಕೇರೆ ಹಾವು. ಕತ್ತಲಾದರೆ ಪುನುಗು ಬೆಕ್ಕು, ಮುಳ್ಳುಹಂದಿ. ಮದುವೆ ಮುಂಜಿಗೆಂದು ನಾವು ಎರಡು ದಿನ ಹೊರಗೆ ಹೋದರೆ ಬೇಸಿಗೆಯಲ್ಲಿ ಮರಿಗೆ ಒಣಗುತ್ತಿತ್ತು. ಅದು ತಾನಾಗಿ ತುಂಬಲಿ ಎಂಬುದೊಂದೇ ಮೊದಲ ಆಸೆ. ವೈಫೈ ಇರುವ ಪುಟ್ಟ ನಿಯಂತ್ರಕವಾದ ಒಂದು ಇಎಸ್‌ಪಿ32 ಬೋರ್ಡು ತರಿಸಿದೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಮನೆಯ ಉಪಕರಣಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಹಾಕಿದೆ.

ಮೊದಲು ತಂದ ಸೊಲೆನಾಯ್ಡ್ ವಾಲ್ವ್ (ಕರೆಂಟು ಕೊಟ್ಟರೆ ತೆರೆಯುವ ನಲ್ಲಿ) ತೆರೆಯಲೇ ಇಲ್ಲ. ವಾಲ್ವ್ ಹಾಳಾಗಿದೆ ಎಂದುಕೊಂಡು ಇನ್ನೊಂದು ತಂದೆ, ಅದೂ ಹಾಗೆಯೇ. ಕಾರಣ ತಿಳಿಯಲು ವಾರ ಹಿಡಿಯಿತು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ನಮ್ಮ ಟ್ಯಾಂಕು ಮರಿಗೆಗಿಂತ ಬರೀ ಎರಡು ಮೀಟರ್ ಮೇಲಿದೆ. ಅಷ್ಟು ಕಡಿಮೆ ಒತ್ತಡಕ್ಕೆ ಆ ಬಗೆಯ ವಾಲ್ವಿನೊಳಗಿನ ರಬ್ಬರ್ ಪೊರೆ ಸರಿಯಾಗಿ ಏಳುವುದಿಲ್ಲ. ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಹಾಕಿದ ಮೇಲೆ ಈವರೆಗೆ ತೊಂದರೆ ಬಂದಿಲ್ಲ. ತೋಟದ ಮನೆಗಳಲ್ಲಿ ಟ್ಯಾಂಕಿನಿಂದ ಇಳಿಯುವ ನೀರಿಗೆ ಇದನ್ನೇ ಕೊಳ್ಳಿ.

ಕಪ್ಪೆಯ ಪ್ರಕರಣದ ಬಳಿಕ ಎರಡು ಬದಲಾವಣೆ ಮಾಡಿದೆ. ಫ್ಲೋಟಿಗೆ ತೂತು ಕೊರೆದ ಪಿವಿಸಿ ಕೊಳವೆಯ ಗೂಡು ಮಾಡಿ, ಬಾಯಿಗೆ ಜಾಲರಿ ಬಿಗಿದೆ. ಮರಿಗೆ ಹಿಡಿಯುವುದು ಹದಿನೈದು ಲೀಟರ್, ತುಂಬಲು ಮೂರು ನಿಮಿಷ ಸಾಕು. ಹಾಗಾಗಿ ಫ್ಲೋಟ್ ಏನೇ ಹೇಳಲಿ, ನಾಲ್ಕು ನಿಮಿಷಕ್ಕೆ ವಾಲ್ವ್ ಮುಚ್ಚಬೇಕು, ಮುಂದಿನ ಆರು ತಾಸು ತೆರೆಯಬಾರದು ಎಂದು ಬರೆದೆ. ನೀರಿನ ಯಾವ ಕೆಲಸಕ್ಕೂ ಇಂಥ ಗಡುವಿಲ್ಲದೆ ವಾಲ್ವ್ ಜೋಡಿಸಬಾರದು.

ಮರಿಗೆ ಖಾಲಿ ಮಾಡುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಕೊಟ್ಟಿಲ್ಲ. ಸೊಳ್ಳೆ ಮರಿಯಾಗದಂತೆ ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ತಿಕ್ಕಬೇಕು. ಅದಕ್ಕೆ ಮುಂಚೆ ಒಳಗೆ ಯಾರಾದರೂ ಇದ್ದಾರೆಯೇ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಚಲನೆ ಹಿಡಿಯುವ ಪಿಐಆರ್ ಸೆನ್ಸರ್ ನೋಡುವುದು ಸುತ್ತಲಿಗಿಂತ ಬಿಸಿಯಾದ ಮೈಯನ್ನು. ಮುಂಗುಸಿ ಕಾಣುತ್ತದೆ. ಕಪ್ಪೆ, ಹಾವುಗಳ ಮೈ ಸುತ್ತಲಿನಷ್ಟೇ ತಣ್ಣಗಿರುವುದರಿಂದ ಅವು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಮರಿಗೆಯ ನೀರು ಹೊರಹೋಗುವ ಕೊಳವೆಯೊಳಗೆ ಯಾರಿದ್ದಾರೆಂದು ನನ್ನ ಕಣ್ಣಿನಿಂದಲೇ ನೋಡಿ ಬಿರಡೆ ತೆಗೆಯುತ್ತೇನೆ.

ಇರುವೆಗಳು ರಿಲೇ (ಬೋರ್ಡಿನ ಆಣತಿಗೆ ಕರೆಂಟು ಹರಿಸಿ ನಿಲ್ಲಿಸುವ ಸ್ವಿಚ್ಚು) ಇರುವ ಪೆಟ್ಟಿಗೆಯಲ್ಲಿ ಗೂಡು ಕಟ್ಟಿದವು. ವೈರು ಹೋಗುವ ತೂತುಗಳಿಗೆ ರಬ್ಬರ್ ಗ್ಲ್ಯಾಂಡ್ (ತಂತಿಯ ಸುತ್ತ ಬಿಗಿಯುವ ಬಳೆ) ಹಾಕಿ ಸಿಲಿಕೋನ್ ಅಂಟು ಬಳಿದೆ. ಮೇ ತಿಂಗಳ ಸಿಡಿಲಿಗೆ ಒಂದು ಬೋರ್ಡು ಸುಟ್ಟುಹೋಯಿತು. ಈಗ ಹಿತ್ತಿಲಿನದಕ್ಕೆಲ್ಲ ಪುಟ್ಟ ಸೋಲಾರ್ ಫಲಕ ಮತ್ತು ಬ್ಯಾಟರಿ. ಮನೆಯ ಕರೆಂಟಿನಿಂದ ಉದ್ದ ತಂತಿ ಎಳೆದಿಲ್ಲ.

ನನ್ನಿಂದ ನಿಜವಾಗಿ ತಪ್ಪಾದದ್ದು ದೀಪದ ವಿಷಯದಲ್ಲಿ. ಅಮ್ಮ ರಾತ್ರಿ ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಕಟ್ಟುಹಾವು ಓಡಾಡುತ್ತದೆ. ಬೆಳಕು ಬೇಕೇ ಬೇಕು. ಯಾರು ಸುಳಿದರೂ ಹೊತ್ತಿಕೊಳ್ಳುವಂತೆ ಆಳೆತ್ತರದಲ್ಲಿ ಬಿಳಿಯ ಎಲ್‌ಇಡಿ ಹಾಕಿದೆ. ಪುನುಗು ಬೆಕ್ಕು ಬಂದರೆ ಬೆಳಕು, ಇಲಿ ಓಡಿದರೆ ಬೆಳಕು. ಮುಂಗಾರಿಗೆ ಮುಂಚಿನ ಒಂದು ಸಂಜೆ ಅಮ್ಮ ಜಗುಲಿಯಲ್ಲಿ ಕುಳಿತು ಕೇಳಿದಳು: "ಹಲಸಿನ ಮರದ ಹತ್ತಿರ ಈ ಸಲ ಮಿಂಚುಹುಳು ಯಾಕೋ ಕಾಣಿಸುತ್ತಿಲ್ಲವಲ್ಲ ಮಾರಾಯ?"

ಗಂಡು ಹಾರುತ್ತಾ ಮಿನುಗುತ್ತದೆ, ಪೊದೆಯಲ್ಲಿ ಕುಳಿತ ಹೆಣ್ಣು ಮಿನುಗಿಯೇ ಉತ್ತರ ಕೊಡುತ್ತದೆ. ನನ್ನ ದೀಪದ ಬೆಳಕಿನಲ್ಲಿ ಒಂದು ಇನ್ನೊಂದಕ್ಕೆ ಕಾಣುವುದು ಹೇಗೆ? ಅದೇ ರಾತ್ರಿ ಸೆನ್ಸರಿನ ಸಂಪರ್ಕ ಕಿತ್ತೆ. ಹಿತ್ತಿಲ ಬಾಗಿಲಿನ ಪಕ್ಕ ಒಂದು ಒತ್ತುಗುಂಡಿ ಕೂರಿಸಿದೆ. ದೀಪಗಳನ್ನು ಮೊಣಕಾಲಿಗಿಂತ ಕೆಳಗಿಳಿಸಿ, ಮೇಲೆ ತಗಡಿನ ಮರೆ ಕಟ್ಟಿ, ಮಂದ ಹಳದಿ ಬಲ್ಬು ಹಾಕಿದೆ. ಬೆಳಕು ಕಾಲುದಾರಿಯ ಮೇಲಷ್ಟೇ ಬೀಳುತ್ತದೆ. ಗುಂಡಿ ಒತ್ತಿದರೆ ತೊಂಬತ್ತು ಸೆಕೆಂಡು ಉರಿದು ಆರುತ್ತದೆ.

ಮರುವರ್ಷ ಹಲಸಿನ ಮರದ ಕೆಳಗೆ ಮಿಂಚುಹುಳುಗಳು ಮತ್ತೆ ಕಂಡವು. ಅಮ್ಮ ಕೊಟ್ಟಿಗೆಯ ಬಾಗಿಲು ಮುಟ್ಟಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದೆ. ಐವತ್ತು ಸೆಕೆಂಡು. ಏಪ್ರಿಲ್‌ನಿಂದ ಜೂನ್‌ವರೆಗೆ ತೊಂಬತ್ತನ್ನು ಅರವತ್ತಕ್ಕೆ ಇಳಿಸಿದ್ದೇನೆ.