ಆರು ದಿನದಲ್ಲಿ ಬರೆದ ಆಕ್ಷೇಪಣೆ

ಕಟಿಂಗ್ ಶಾಪಲ್ಲಿ ಕೂತು ಹಳೇ ಪೇಪರ್ ತಿರುವುತ್ತಿದ್ದಾಗ ನಮ್ಮೂರಿನ ಹೆಸರು ಕಣ್ಣಿಗೆ ಬಿತ್ತು. ಬೆರಳಗಲದ ಪ್ರಕಟಣೆ. ಇಂತಿಂಥ ಸರ್ವೆ ನಂಬರಿನ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನದೊಳಗೆ ಕೊಡಿ ಅಂತ. ಪೇಪರ್ ಒಂಬತ್ತು ದಿನ ಹಳೆಯದು. ಅಂದರೆ ಉಳಿದಿದ್ದು ಆರು.

ನಮ್ಮೂರು ಆನೇಕಲ್ ತಾಲ್ಲೂಕಿನಲ್ಲಿ, ಬನ್ನೇರುಘಟ್ಟ ಕಾಡಿನ ಅಂಚಿಗೆ. ನಾನು ಜಿಗಣಿಯಲ್ಲಿ ಶಿಫ್ಟ್ ಕೆಲಸ ಮಾಡುವವನು, ವಕೀಲನೂ ಅಲ್ಲ, ಹೋರಾಟಗಾರನೂ ಅಲ್ಲ. ಸುಮಾರು ಅರವತ್ತು ಎಕರೆಯಲ್ಲಿ ಲೇಔಟ್ ಬರುತ್ತದೆ ಅನ್ನೋ ಗುಸುಗುಸು ಊರಲ್ಲಿ ಮೊದಲೇ ಇತ್ತು. ಮೇನ್ ರೋಡಲ್ಲಿ ಹೋರ್ಡಿಂಗ್ ಕೂಡ ಎದ್ದಿತ್ತು, ಹಸಿರು ಬೆಟ್ಟದ ಮುಂದೆ ಸಾಲಾಗಿ ವಿಲ್ಲಾ.

ಅವತ್ತು ರಾತ್ರಿಯೇ ಕೂತು ಎರಡು ಪುಟ ಬರೆದೆ. ಆನೆ, ಕಾಡು, ಮುಂದಿನ ಪೀಳಿಗೆ, ಎಲ್ಲ ಇತ್ತು. ಬೆಳಿಗ್ಗೆ ಊರಿನ ನಿವೃತ್ತ ಸರ್ವೇಯರ್ ಒಬ್ಬರಿಗೆ ತೋರಿಸಿದೆ. ಪೂರ್ತಿ ಓದಿ ಕನ್ನಡಕ ತೆಗೆದು, "ಚೆನ್ನಾಗಿದೆ ಕಣಪ್ಪ, ಆದ್ರೆ ಇದರಲ್ಲಿ ಒಂದೂ ಸರ್ವೆ ನಂಬರೇ ಇಲ್ವಲ್ಲ" ಅಂದರು. ನನಗೆ ಸ್ವಲ್ಪ ಅವಮಾನವೇ ಆಯಿತು. ಆದರೆ ನಾನು ಕಲಿತಿದ್ದರಲ್ಲಿ ಮುಖ್ಯವಾದ್ದು ಅದೇ, ಉಳಿದಿದ್ದೆಲ್ಲ ಅದರ ಬಾಲ.

ಊರಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ಇದು ಪರಿಸರ ಸೂಕ್ಷ್ಮ ವಲಯ (ಕಾಡನ್ನು ಕಾಪಾಡಲು ಅದರ ಸುತ್ತ ಸರ್ಕಾರ ಗುರುತಿಸುವ ಪಟ್ಟಿ), ಇಲ್ಲಿ ಏನೂ ಕಟ್ಟೋ ಹಾಗಿಲ್ಲ. ಕೂತು ನೋಡಿದರೆ ಕಥೆ ಬೇರೆ. 2016ರ ಕರಡು ಅಧಿಸೂಚನೆಯಲ್ಲಿ ಬನ್ನೇರುಘಟ್ಟದ ಸೂಕ್ಷ್ಮ ವಲಯ 268.96 ಚದರ ಕಿ.ಮೀ. ಇತ್ತು. 2020ರ ಮಾರ್ಚ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಅದು 168.84ಕ್ಕೆ ಇಳಿದಿತ್ತು. ಕೆಲವು ಕಡೆ ಕಾಡಿನ ಗಡಿಯಿಂದ ಒಂದು ಕಿ.ಮೀ., ಕೆಲವು ಕಡೆ ಬರೀ ನೂರು ಮೀಟರ್. ಹಾಗಾಗಿ ಈ ಲೇಔಟಿನ ಜಮೀನಲ್ಲಿ ಮೂರನೇ ಒಂದು ಭಾಗ ಮಾತ್ರ ವಲಯದ ಒಳಗೆ, ಉಳಿದದ್ದು ಹೊರಗೆ. "ಪೂರ್ತಿ ಜಮೀನು ವಲಯದಲ್ಲಿದೆ" ಅಂತ ನಾನು ಬರೆದಿದ್ದ ಸಾಲು ಹಾಗೇ ಹೋಗಿದ್ದರೆ, ಆ ಒಂದು ತಪ್ಪು ತೋರಿಸಿ ನನ್ನ ಇಡೀ ಆಕ್ಷೇಪಣೆಯನ್ನೇ ಪಕ್ಕಕ್ಕಿಡುತ್ತಿದ್ದರು.

ಇನ್ನೊಂದು ಬಾಗಿಲೂ ಮುಚ್ಚಿತ್ತು. 2006ರ ಪರಿಸರ ಅಧಿಸೂಚನೆ ಪ್ರಕಾರ ಲೇಔಟ್ 50 ಹೆಕ್ಟೇರ್ ಮುಟ್ಟಿದರೆ ಮೊದಲೇ ಪರಿಸರ ಅನುಮತಿ ಬೇಕು. ಇದು ಅದರ ಅರ್ಧವೂ ಇರಲಿಲ್ಲ. ಆದರೆ ಅದೇ ಅಧಿಸೂಚನೆಯಲ್ಲಿ ಕಟ್ಟಡದ ಲೆಕ್ಕವೂ ಇದೆ, ಕಟ್ಟುವ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಅನುಮತಿ ಬೇಕೇ ಬೇಕು. ಕಾಗದದಲ್ಲಿ ಬರೀ ಸೈಟು, ಹೋರ್ಡಿಂಗಲ್ಲಿ ವಿಲ್ಲಾ! ಬೈಕ್ ನಿಲ್ಲಿಸಿ ಹೋರ್ಡಿಂಗಿನ ಫೋಟೋ ತೆಗೆದುಕೊಂಡೆ. ಆಮೇಲೆ ಅದನ್ನೇ ಆಕ್ಷೇಪಣೆಗೆ ಲಗತ್ತಿಸಿದೆ.

ಆ ಭಾನುವಾರ ನಾಲ್ಕು ಜನ ಜಮೀನಿಗೆ ಹೋದೆವು. ಸರ್ವೇಯರ್ ಕೈಯಲ್ಲಿ ಗ್ರಾಮ ನಕಾಶೆ, ನನ್ನ ಫೋನಲ್ಲಿ ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಆ್ಯಪ್ ಅದು, ಸರ್ಕಾರದ್ದೇ. ನಕಾಶೆಯಲ್ಲಿ ಒಂದು ಹಳ್ಳ ಕಾಡಿನ ಕಡೆಯಿಂದ ಬಂದು ಅಡ್ಡಡ್ಡ ಹಾದು ಕೆರೆಗೆ ಸೇರುತ್ತದೆ. ನೆಲದ ಮೇಲೆ ನೋಡಿದರೆ ಲಂಟಾನ ಮುಚ್ಚಿಕೊಂಡು ಹಳ್ಳವೇ ಕಾಣುವುದಿಲ್ಲ. ದೊಣ್ಣೆಯಲ್ಲಿ ಪೊದೆ ಸರಿಸಿಕೊಂಡು ಇಳಿದರೆ ಸೊಂಟದುದ್ದದ ಕೊರಕಲು, ತಳದಲ್ಲಿ ಮರಳು, ಮರಳಿನ ಮೇಲೆ ಎರಡು ದಿನದ ಹಿಂದಿನ ಆನೆ ಲದ್ದಿ, ಅದರಲ್ಲಿ ಇನ್ನೂ ಅರಗದ ಹಲಸಿನ ಬೀಜ. ಪಹಣಿ ತೆಗೆಸಿದರೆ ಹಳ್ಳದ ಜಾಗ ಬಿ-ಖರಾಬು ಅಂತ ಸ್ಪಷ್ಟವಾಗಿತ್ತು. ಅಂದರೆ ಮಾರಿದವರದ್ದೂ ಅಲ್ಲ, ಕೊಂಡವರದ್ದೂ ಅಲ್ಲ, ಸರ್ಕಾರದ್ದು.

ಆರನೇ ದಿನ ಮಧ್ಯಾಹ್ನ ಪ್ರಕಟಣೆ ಕೊಟ್ಟಿದ್ದ ಆಫೀಸಿಗೆ ಒಂದೂವರೆ ಪುಟದ ಆಕ್ಷೇಪಣೆ ಅರ್ಜಿ ಕೊಟ್ಟು, ನನ್ನ ಪ್ರತಿಗೆ ಸೀಲ್ ಹಾಕಿಸಿಕೊಂಡೆ. "ಟಪಾಲಲ್ಲಿ ಹಾಕಿ ಹೋಗಿ" ಅಂದರು, ನಾನು ಹೋಗಲಿಲ್ಲ. ಸೀಲ್ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೇ ಅಲ್ವಾ? ಸೂಕ್ಷ್ಮ ವಲಯದ ಒಳಗಿನ ನಂಬರುಗಳು ಬೇರೆ, ಹೊರಗಿನವು ಬೇರೆ ಅಂತ ವಿಂಗಡಿಸಿ ಬರೆದಿದ್ದೆ. ವಲಯದೊಳಗೆ ಊರಿನವರು ತಮ್ಮ ಜಮೀನಲ್ಲಿ ತಮಗೋಸ್ಕರ ಮನೆ ಕಟ್ಟಿಕೊಳ್ಳಬಹುದು, ಮಾರಾಟಕ್ಕೆ ಕಟ್ಟುವಂತಿಲ್ಲ. ಇದನ್ನು ಒತ್ತಿ ಬರೆದೆ. ಇಲ್ಲದಿದ್ದರೆ ನಮ್ಮ ಜನವೇ "ನಾಳೆ ನಮ್ಮನೇನೂ ಕಟ್ಟೋಕೆ ಬಿಡಲ್ಲ ಇವನು" ಅಂತ ತಿರುಗಿ ಬೀಳುತ್ತಿದ್ದರು.

ಆಮೇಲೆ ಲೇಔಟಿನ ನಕ್ಷೆಗೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ, ಹಾಕಿದೆ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಮೂರು ಬೇರೆ ಬೇರೆ ಅರ್ಜಿ. 30 ದಿನ ಕಳೆದರೂ ಉತ್ತರ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ನಕ್ಷೆ ಬಂತು. ಹಳ್ಳ ಇದ್ದ ಜಾಗದಲ್ಲಿ ಮೂವತ್ತು ಅಡಿ ರಸ್ತೆ, ಎರಡೂ ಬದಿಗೆ ಸೈಟು.

ಕಷ್ಟವಾಗಿದ್ದು ಆಫೀಸಲ್ಲಲ್ಲ, ಮನೆಯಲ್ಲಿ. ನಮ್ಮ ಸೋದರಮಾವ ಅದೇ ಜಮೀನಿನಲ್ಲಿ ಎರಡೂವರೆ ಎಕರೆ ಮಾರಲು ಅಡ್ವಾನ್ಸ್ ತಗೊಂಡಿದ್ದರು. "ನೀನು ತಿಂಗಳಾದ್ರೆ ಸಂಬಳ ಎಣಿಸ್ತೀಯ. ನಾನು ರಾಗಿ ಬೆಳೆದು ಆನೆಗೆ ಹಾಕಬೇಕು. ಆನೆ ಬೇಕಿದ್ರೆ ನೀನೇ ಸಾಕು" ಅಂದರು. ಉತ್ತರ ಇರಲಿಲ್ಲ ನನ್ನ ಹತ್ತಿರ. ರಾಗಿ ತೆನೆ ಕಟ್ಟುವ ಹೊತ್ತಿಗೆ ಕಂದಕ ದಾಟಿ, ರೈಲು ಕಂಬಿಯ ಬೇಲಿ ಇಲ್ಲದ ಕಡೆ ನುಗ್ಗಿ ಬರುವ ಆನೆಗಳನ್ನು ನಾನೂ ಕಂಡಿದ್ದೇನೆ, ಒಂದು ರಾತ್ರಿಗೆ ವರ್ಷದ ಅನ್ನ ಹೋಗುತ್ತದೆ. ಮಾರುವವರನ್ನು ದುಡ್ಡಿನ ಆಸೆಯವರು ಅಂತ ಬೈಯುವುದು ಸುಲಭ. ನಮ್ಮ ಗುಂಪಿನಲ್ಲೂ ಕೆಲವರು ಹಾಗೇ ಮಾಡಿದರು, ಅದರಿಂದ ಗ್ರಾಮಸಭೆಯಲ್ಲಿ ನಮಗೆ ಬರಬೇಕಾದ ಕೈಗಳು ಬರಲಿಲ್ಲ.

ಕೊನೆಗೆ ವಿಚಾರಣೆ ಆಯಿತು, ಅಧಿಕಾರಿಗಳು ಸ್ಥಳಕ್ಕೂ ಬಂದರು. ನಮ್ಮ ಸರ್ವೇಯರ್ ಹಳ್ಳಕ್ಕೆ ಇಳಿದು ನಿಂತು ನಕಾಶೆ ಎತ್ತಿ ಹಿಡಿದರು, ಜಾಸ್ತಿ ಮಾತೇ ಬೇಕಾಗಲಿಲ್ಲ. ಸೂಕ್ಷ್ಮ ವಲಯದೊಳಗಿನ ಸರ್ವೆ ನಂಬರುಗಳನ್ನು ಕೈಬಿಟ್ಟು, ಉಳಿದ ನಕ್ಷೆಯನ್ನು ಹಳ್ಳ ತೋರಿಸಿ ತಿದ್ದಿ ತರಲು ವಾಪಸ್ ಕಳಿಸಿದರು. ಲೇಔಟ್ ಪೂರ್ತಿ ನಿಂತಿಲ್ಲ. ತಿದ್ದಿದ ನಕ್ಷೆ ಇವತ್ತಲ್ಲ ನಾಳೆ ಬರುತ್ತದೆ, ಅದಕ್ಕೇ ಈಗ ದಿನಾ ಎರಡು ಪೇಪರ್ ತರಿಸುತ್ತೇನೆ.

ಮಾವನ ಎರಡೂವರೆ ಎಕರೆ ಕೈಬಿಟ್ಟ ಕಡೆಗೆ ಬಿತ್ತು. ಅಡ್ವಾನ್ಸ್ ವಾಪಸ್ ಕೊಡಬೇಕಾಯಿತು. ಅವತ್ತಿಂದ ನನ್ನ ಜೊತೆ ಮಾತಿಲ್ಲ, ಮದುವೆ ಮನೆಯಲ್ಲಿ ಎದುರಾದರೂ ಇಲ್ಲ. ಈ ಸಲ ಆನೆ ಅವರ ಹೊಲಕ್ಕೇ ಇಳಿದವು. ಮಾರನೇ ದಿನ ಮಗನನ್ನು ನಮ್ಮನೆಗೆ ಕಳಿಸಿದ್ದರು, ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ ಬರೆಸಿಕೊಂಡು ಬಾ ಅಂತ. ಹುಡುಗನ ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಮಾವನ ಕೈಬರಹದಲ್ಲಿ ಸರ್ವೆ ನಂಬರ್ ಇತ್ತು, ಬೇರೇನೂ ಇರಲಿಲ್ಲ.