ಹೆಪ್ಪುಗಟ್ಟಿದ ಸರೋವರದ ಮೇಲಿನ ಗುಡಾರಕ್ಕೆ ಹೀಟರ್ ಆರಿಸುವ ಬಗೆ

ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಾರ ಹಾಕಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು ಗಂಟೆಗಟ್ಟಲೆ ಕೂರುವವರಿಗೆ ಹೀಟರ್ ಐಷಾರಾಮದ ವಸ್ತುವಲ್ಲ. ಬೆರಳುಗಳು ಮರಗಟ್ಟಿದರೆ ಗಾಳದ ದಾರಕ್ಕೆ ಗಂಟು ಹಾಕುವುದಕ್ಕೂ ಆಗುವುದಿಲ್ಲ. ಆದರೆ ಹೀಟರ್ ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಶಾಖದ ಅಂಕಿ, ಮತ್ತು ಹೆಚ್ಚಿನವರು ಆ ಅಂಕಿಯೊಂದನ್ನೇ ನೋಡಿ ಹಣ ಕೊಟ್ಟು ಬರುತ್ತಾರೆ. ಅದು ಕೇಳಬೇಕಾದ ಎರಡನೆಯ ಪ್ರಶ್ನೆ. ಉರಿಯಲು ಬೇಕಾದ ಗಾಳಿಯನ್ನು ಈ ಹೀಟರ್ ಎಲ್ಲಿಂದ ತೆಗೆದುಕೊಳ್ಳುತ್ತದೆ, ಉರಿದ ಮೇಲಿನ ಅನಿಲವನ್ನು ಎಲ್ಲಿಗೆ ಬಿಡುತ್ತದೆ ಎಂಬುದು ಮೊದಲನೆಯದು.

ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ಮಾರುಕಟ್ಟೆಯಲ್ಲಿರುವ ಹೀಟರ್‌ಗಳೆಲ್ಲ ಎರಡೇ ಬಗೆಯವು. ಪ್ರೊಪೇನ್‌ನಿಂದ ಕೆಂಪಗೆ ಕಾಯುವ ಸೆರಾಮಿಕ್ ಹಲಗೆಯ ಹೀಟರ್‌ಗಳು, ಜ್ವಾಲೆ ಕಾಣಿಸದ ಕ್ಯಾಟಲಿಟಿಕ್ ಹೀಟರ್‌ಗಳು ಮತ್ತು ಸೀಮೆಎಣ್ಣೆಯ ಹೀಟರ್‌ಗಳು ಗುಡಾರದೊಳಗಿನ ಗಾಳಿಯನ್ನೇ ಬಳಸಿ, ಉರಿದ ಅನಿಲವನ್ನೂ ಗುಡಾರದೊಳಗೇ ಬಿಡುತ್ತವೆ. ಚಿಮಣಿ ಇರುವ ಸೌದೆ ಒಲೆ, ಕೊಳವೆಯ ಮೂಲಕ ಹೊಗೆಯನ್ನು ಹೊರಹಾಕುವ ಡೀಸೆಲ್ ಹೀಟರ್, ಗಾಲಿಯ ಮೇಲಿನ ಗಟ್ಟಿ ಗೋಡೆಯ ಮನೆಗಳಲ್ಲಿ ಕೂರಿಸುವ ಫರ್ನೇಸ್ ಇವೆಲ್ಲ ಶಾಖವನ್ನು ಒಳಗಿಟ್ಟು ಹೊಗೆಯನ್ನು ಹೊರಗೆ ಕಳುಹಿಸುತ್ತವೆ. ಮೊದಲ ಬಗೆಯವು ಅಗ್ಗ, ಹಗುರ ಮತ್ತು ಹೊತ್ತೊಯ್ಯಲು ಸುಲಭ. ಎರಡನೆಯ ಬಗೆಯವು ದುಬಾರಿ, ಭಾರ, ಮತ್ತು ಜೋಡಿಸಲು ಹೊತ್ತು ಹಿಡಿಯುತ್ತವೆ. ರಾತ್ರಿ ಅಲ್ಲಿಯೇ ಮಲಗುವವರಿಗೆ ಮಾತ್ರ ಬೇರೆ ಆಯ್ಕೆ ಇಲ್ಲ. ಹೊಗೆ ಒಳಗೇ ಬಿಡುವ ಹೀಟರನ್ನು ಹಚ್ಚಿಟ್ಟು ನಿದ್ದೆ ಮಾಡಬಾರದು ಎಂಬ ನಿಯಮಕ್ಕೆ ಯಾವ ಮಾದರಿಯೂ, ಯಾವ ಬೆಲೆಯೂ ವಿನಾಯಿತಿ ತರುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಒಂದು ಸರಳ ಲೆಕ್ಕದಲ್ಲಿದೆ. 1.8 ಮೀಟರ್ ಉದ್ದ, ಅಷ್ಟೇ ಅಗಲ ಮತ್ತು 2 ಮೀಟರ್ ಎತ್ತರದ ಗುಡಾರದಲ್ಲಿ ಸುಮಾರು 6.5 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ 9,000 ಬಿಟಿಯು (ಶಾಖದ ಬ್ರಿಟಿಷ್ ಅಳತೆ), ಅಂದರೆ ಸುಮಾರು 2.6 ಕಿಲೋವ್ಯಾಟ್ ಶಾಖ ಕೊಡುವ ಪ್ರೊಪೇನ್ ಹೀಟರ್ ಗಂಟೆಗೆ ಅರ್ಧ ಘನ ಮೀಟರಿನಷ್ಟು ಆಮ್ಲಜನಕವನ್ನು ಸುಡುತ್ತದೆ. ಗಾಳಿಯಾಡದಂತೆ ಮುಚ್ಚಿದ ಅಂಥ ಗುಡಾರದಲ್ಲಿ ಆಮ್ಲಜನಕವು ಶೇಕಡ 21ರಿಂದ 18ಕ್ಕೆ ಇಳಿಯಲು ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಅಷ್ಟು ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಶೇಕಡ 2ರ ಹತ್ತಿರಕ್ಕೆ ಏರಿರುತ್ತದೆ. ನಿಜವಾದ ಗುಡಾರದ ಹೊಲಿಗೆಯಲ್ಲಿ, ಜಿಪ್ಪಿನಲ್ಲಿ, ಬುಡದಂಚಿನಲ್ಲಿ ಗಾಳಿ ನುಸುಳುತ್ತಲೇ ಇರುತ್ತದೆ, ಒಪ್ಪಬೇಕಾದ ಮಾತೇ. ಆದರೆ ಚಳಿಗಾಳಿ ಬರದಿರಲೆಂದು ಬುಡದಂಚಿನ ಸುತ್ತ ಹಿಮ ಒಟ್ಟುವವರೂ ನಾವೇ, ಒಳಗಿನ ತೇವ ಬಟ್ಟೆಗೆ ಅಂಟಿ ಹೆಪ್ಪುಗಟ್ಟಿ ಸಣ್ಣ ಸಂದುಗಳನ್ನು ತಾನಾಗಿ ಮುಚ್ಚುವುದೂ ಉಂಟು. ಆದ್ದರಿಂದ ಮೇಲೊಂದು, ಕೆಳಗೊಂದು ಕಿಂಡಿ ಸದಾ ತೆರೆದಿರಬೇಕು. ಎಷ್ಟು ಅಳತೆಯ ಕಿಂಡಿ ಬೇಕೆಂದು ಹೀಟರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಕೊಳ್ಳುವ ಮೊದಲೇ ಆ ಪುಟವನ್ನು ತೆರೆಯಿಸಿ ಓದಬೇಕು.

ಗುಡಾರದೊಳಗೆ ಬಳಸಬಹುದೆಂದು ತಯಾರಕರು ಸ್ಪಷ್ಟವಾಗಿ ಹೇಳಿರುವ ಪ್ರೊಪೇನ್ ಹೀಟರ್‌ಗಳಲ್ಲಿ ಆಮ್ಲಜನಕ ಕಡಿಮೆಯಾದಾಗ ಗ್ಯಾಸನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇರುತ್ತದೆ. ಅದರಲ್ಲಿ ಎಲೆಕ್ಟ್ರಾನಿಕ್ ಚಮತ್ಕಾರವೇನೂ ಇಲ್ಲ. ಪೈಲಟ್ ಜ್ವಾಲೆಯ, ಅಂದರೆ ಸದಾ ಉರಿಯುವ ಪುಟ್ಟ ಜ್ವಾಲೆಯ, ತುದಿಯಲ್ಲಿ ಒಂದು ಥರ್ಮೋಕಪಲ್ (ಬಿಸಿಯಾದಾಗ ತುಸು ವಿದ್ಯುತ್ ಹುಟ್ಟಿಸುವ ಲೋಹದ ಕಡ್ಡಿ) ಕಾಯುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ತನ್ನ ನೆಲೆಯಿಂದ ಮೇಲೆದ್ದು ಅಲೆದಾಡತೊಡಗುತ್ತದೆ, ಥರ್ಮೋಕಪಲ್ ತಣ್ಣಗಾಗುತ್ತದೆ, ಅದು ಹಿಡಿದಿಟ್ಟಿದ್ದ ಗ್ಯಾಸಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಮ್ಲಜನಕ ಶೇಕಡ 18ರ ಆಸುಪಾಸಿಗೆ ಇಳಿದಾಗ ಇದು ನಡೆಯುವಂತೆ ಹೊಂದಿಸಿರುತ್ತಾರೆ. ಈ ವ್ಯವಸ್ಥೆ ಇಲ್ಲದ ಹೀಟರನ್ನು ಗುಡಾರಕ್ಕಾಗಿ ಕೊಳ್ಳಲೇಬಾರದು. ಅದರ ಜೊತೆಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿಯೆಂದರೆ, ಇದು ಅಳೆಯುವುದು ಆಮ್ಲಜನಕದ ಕೊರತೆಯನ್ನೇ ಹೊರತು ಕಾರ್ಬನ್ ಮೊನಾಕ್ಸೈಡನ್ನು ಅಲ್ಲ. ಬರ್ನರಿನಲ್ಲಿ ಧೂಳು ಕೂತರೆ, ಸೆರಾಮಿಕ್ ಹಲಗೆ ಸೀಳಿದರೆ, ಆಮ್ಲಜನಕ ಸಾಕಷ್ಟಿದ್ದಾಗಲೂ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಮತ್ತು ಪೈಲಟ್ ಜ್ವಾಲೆಗೆ ಅದರ ಸುಳಿವೂ ಸಿಗುವುದಿಲ್ಲ. ಎತ್ತರದ ಪ್ರದೇಶದ ಸರೋವರಗಳಲ್ಲಿ ಇದಕ್ಕೆ ತಿರುಗುಮುರುಗಾದ ತೊಂದರೆ ಕಾಣಿಸಿಕೊಳ್ಳುತ್ತದೆ: ಸುಮಾರು 2,100 ಮೀಟರಿಗಿಂತ ಮೇಲೆ ಗಾಳಿ ತೆಳುವಾಗಿರುವುದರಿಂದ ಯಾವ ದೋಷವೂ ಇಲ್ಲದ ಹೀಟರ್ ಕೂಡ ಪದೇ ಪದೇ ಆರಿಹೋಗಬಹುದು.

ಹಾಗಾಗಿ ಹೀಟರಿನ ಜೊತೆಗೆ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಳ್ಳುವುದನ್ನು ಹೀಟರಿನ ಬೆಲೆಯ ಭಾಗವೆಂದೇ ಲೆಕ್ಕ ಹಾಕಬೇಕು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಆಯಾಸ ಇದರ ಮೊದಲ ಲಕ್ಷಣಗಳು. ಬೆಳಗಿನಿಂದ ಚಳಿಯಲ್ಲಿ ಕೂತವರು ಇವನ್ನೆಲ್ಲ ದಣಿವೆಂದು ತಳ್ಳಿಹಾಕುವುದು ಬಹಳ ಸುಲಭ. ಅಮೆರಿಕದ ಯುಎಲ್ 2034 ಮಾನದಂಡಕ್ಕೆ ತಕ್ಕಂತೆ ಮಾಡಿದ ಮನೆಬಳಕೆಯ ಅಲಾರಂ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ ಕಾರ್ಬನ್ ಮೊನಾಕ್ಸೈಡ್ ಇದ್ದರೆ 1ರಿಂದ 4 ಗಂಟೆಗಳ ಒಳಗೆ, 400 ಭಾಗ ಇದ್ದರೆ 4ರಿಂದ 15 ನಿಮಿಷಗಳ ಒಳಗೆ ಕೂಗುತ್ತದೆ. ಕಡಿಮೆ ಪ್ರಮಾಣವನ್ನೂ ಅಂಕಿಯಲ್ಲಿ ತೋರಿಸುವ ಪರದೆ ಇರುವುದನ್ನು ಆರಿಸಿದರೆ, ಅದು ಕೂಗುವ ಮೊದಲೇ ಕಿಂಡಿಯನ್ನು ಇನ್ನಷ್ಟು ತೆರೆಯಬಹುದು. ಯುರೋಪಿನಲ್ಲಿ ಕೊಳ್ಳುವವರು ದೋಣಿ ಮತ್ತು ಕ್ಯಾರವಾನ್‌ಗಳಿಗೆಂದೇ ಇರುವ ಇಎನ್ 50291 ಮಾನದಂಡದ ಎರಡನೆಯ ಭಾಗದ ಗುರುತನ್ನು ಹುಡುಕಬೇಕು. ಮನೆಬಳಕೆಯ ಅಲಾರಂಗಳನ್ನು ಸಾಮಾನ್ಯವಾಗಿ ಸೊನ್ನೆ ಡಿಗ್ರಿಗಿಂತ ಮೇಲಿನ ವಾತಾವರಣಕ್ಕಾಗಿ ಮಾಡಿರುತ್ತಾರೆ; ದಾರಿಯಲ್ಲಿ ಅದನ್ನು ಕೋಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು, ಗುಡಾರದಲ್ಲಿ ಕೂತವರ ಮೂಗಿನ ಎತ್ತರಕ್ಕೆ, ಹೀಟರಿನಿಂದ ದೂರದಲ್ಲಿ ತೂಗುಹಾಕುವುದು ಒಳ್ಳೆಯದು.

ಸಿಲಿಂಡರಿನ ತಲೆಗೇ ತಿರುಗಿಸಿ ಕೂರಿಸುವ, ಬಟ್ಟಲಿನಾಕಾರದ ತೆರೆದ ಹೀಟರ್‌ಗಳು ಅಗ್ಗವಾಗಿ ಸಿಗುತ್ತವೆ ಮತ್ತು ಬಹಳ ಬೇಗ ಕಾಯುತ್ತವೆ. ಅವು ಬಯಲಿಗೆಂದು ಮಾಡಿದವು, ಅವುಗಳ ಮೇಲೆ ಹಾಗೆಂದು ಬರೆದೂ ಇರುತ್ತದೆ. ಇದ್ದಿಲ ಒಲೆಯ ಮಾತಂತೂ ಎತ್ತಲೇಬಾರದು. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಹೊಮ್ಮುತ್ತದೆ.

ಇನ್ನು ಶಾಖದ ಅಂಕಿ. ಮೇಲೆ ಹೇಳಿದ ಗುಡಾರದ ಗೋಡೆ ಮತ್ತು ಚಾವಣಿ ಸೇರಿ ಸುಮಾರು 17.6 ಚದರ ಮೀಟರ್ ಆಗುತ್ತದೆ. ಹೊರಗೆ ಮೈನಸ್ 15 ಡಿಗ್ರಿ ಇದ್ದು ಒಳಗೆ 5 ಡಿಗ್ರಿ ಸಾಕು ಎಂದುಕೊಂಡರೆ, ಒಂದೇ ಪದರದ ಬಟ್ಟೆಯ ಮೂಲಕ ಹೆಚ್ಚುಕಡಿಮೆ 2 ಕಿಲೋವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಬಿಟಿಯು ಲೆಕ್ಕದಲ್ಲಿ ಅದು ಗಂಟೆಗೆ 6,800ರ ಆಸುಪಾಸು. ಎರಡು ಪದರದ ನಡುವೆ ಹತ್ತಿಯಂಥ ಹೊದಿಕೆ ತುಂಬಿದ ಗುಡಾರದಲ್ಲಿ ಈ ನಷ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತೆರೆದ ಕಿಂಡಿಗಳಿಂದ ಹೋಗುವ ಶಾಖವನ್ನು ಕಾಲು ಕಿಲೋವ್ಯಾಟ್ ಎಂದು ಸೇರಿಸಿಕೊಳ್ಳಬಹುದು. ಕಿಂಡಿ ತೆರೆದರೆ ಇಟ್ಟ ಶಾಖವೆಲ್ಲ ಸೋರಿಹೋಗುತ್ತದೆ ಎಂಬ ಭಯಕ್ಕೆ ಅಷ್ಟೇನೂ ಆಧಾರವಿಲ್ಲ ಎಂಬುದು ಈ ಅಂಕಿಯಿಂದಲೇ ತಿಳಿಯುತ್ತದೆ. ಕೂತ ಪ್ರತಿಯೊಬ್ಬರ ಮೈಯಿಂದಲೂ ಸುಮಾರು 100 ವ್ಯಾಟ್ ಬರುತ್ತದೆ ಎಂಬುದನ್ನು ಜಮಾ ಮಾಡಿಕೊಳ್ಳಬಹುದು, ಗಾಳಿ ಜೋರಾಗಿ ಬೀಸುವ ದಿನ ಅದರ ಹಲವು ಪಟ್ಟು ಖರ್ಚೂ ಆಗುತ್ತದೆ. ಉತ್ತರ ಅಮೆರಿಕದ ಸರೋವರಗಳ ಮೇಲೆ ಸಾಮಾನ್ಯವಾಗಿ ಕಾಣುವ ಮಿಸ್ಟರ್ ಹೀಟರ್ ಕಂಪನಿಯ ‘ಬಡ್ಡಿ’ (Buddy) ಹೆಸರಿನ ಹೀಟರ್‌ಗಳಲ್ಲಿ ನಡುವಣ ಮಾದರಿ 4,000ದಿಂದ 9,000 ಬಿಟಿಯು, ದೊಡ್ಡ ಮಾದರಿ 18,000 ಬಿಟಿಯುವರೆಗೆ ಶಾಖ ಕೊಡುತ್ತವೆ. ಇಬ್ಬರು ಕೂರುವ ಗುಡಾರಕ್ಕೆ ನಡುವಣದು ಧಾರಾಳವಾಗಿ ಸಾಕು. ನನ್ನ ಮಟ್ಟಿಗೆ, ಇನ್ನೂ ದೊಡ್ಡ ಹೀಟರ್ ತರುವ ಹಣದಲ್ಲಿ ಹೊದಿಕೆಯುಳ್ಳ ಗುಡಾರ ತರುವುದೇ ಜಾಣತನ: ಗ್ಯಾಸೂ ಕಡಿಮೆ, ಹೊಗೆಯೂ ಕಡಿಮೆ.

ಇಂಧನದ ವಿಷಯದಲ್ಲಿ ಚಳಿಯೇ ತೀರ್ಪುಗಾರ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಅಡುಗೆಯ ಸಣ್ಣ ಬ್ಯೂಟೇನ್ ಡಬ್ಬಿಗಳನ್ನು ಬಳಸುವ ಹೀಟರ್ ಮಂಜುಗಡ್ಡೆಯ ಮೇಲೆ ಕೈಕೊಡುತ್ತದೆ. ಪ್ರೊಪೇನ್‌ನ ಕುದಿಬಿಂದು ಮೈನಸ್ 42 ಡಿಗ್ರಿ. ಆದರೂ ತಾಪ ಇಳಿದಂತೆ ಸಿಲಿಂಡರಿನೊಳಗಿನ ಒತ್ತಡ ಇಳಿಯುತ್ತದೆ, ಮತ್ತು ದ್ರವ ಆವಿಯಾಗುವಾಗ ಸಿಲಿಂಡರ್ ತನ್ನನ್ನು ತಾನೇ ಇನ್ನಷ್ಟು ತಣ್ಣಗಾಗಿಸಿಕೊಳ್ಳುತ್ತದೆ. ಸಣ್ಣ ಸಿಲಿಂಡರಿನ ಮೈಮೇಲೆ ಹಿಮದ ಪುಡಿ ಕೂತು, ಗ್ಯಾಸ್ ಇನ್ನೂ ಉಳಿದಿರುವಾಗಲೇ ಉರಿ ಮಂಕಾಗುವುದು ಈ ಕಾರಣಕ್ಕೆ. 454 ಗ್ರಾಂ ಪ್ರೊಪೇನ್ ಹಿಡಿಸುವ ಸಣ್ಣ ಸಿಲಿಂಡರ್ 9,000 ಬಿಟಿಯು ವೇಗದಲ್ಲಿ ಎರಡೂವರೆ ಗಂಟೆಗಿಂತ ತುಸು ಕಡಿಮೆ, 4,000ದಲ್ಲಿ ಐದು ಗಂಟೆ ದಾಟಿ ಬರುತ್ತದೆ. 9 ಕಿಲೋ ಸಿಲಿಂಡರ್ 9,000 ಬಿಟಿಯು ವೇಗದಲ್ಲೇ ಎರಡು ದಿನ ಉರಿಯುತ್ತದೆ. ಅದನ್ನು ಗುಡಾರದ ಹೊರಗೆ ನಿಲ್ಲಿಸಿ ಹೋಸ್ ಮಾತ್ರ ಒಳಗೆ ತರಬೇಕು, ಏಕೆಂದರೆ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿದ್ದು, ಸೋರಿದರೆ ನೆಲದ ಮಟ್ಟದಲ್ಲಿಯೇ ಹರಡಿ ನಿಲ್ಲುತ್ತದೆ. ಹೋಸ್ ಕೊಳ್ಳುವಾಗ ಅದು ಹೀಟರಿನ ತಯಾರಕರು ಹೇಳಿದ ಜಾತಿಯದೇ ಎಂದು ನೋಡಿಕೊಳ್ಳಬೇಕು. ಕೆಲವು ರಬ್ಬರ್ ಹೋಸ್‌ಗಳಿಂದ ಎಣ್ಣೆಯಂಥ ಜಿಡ್ಡು ಇಳಿದು ಹೀಟರಿನ ಒಳದಾರಿಯನ್ನು ಕಟ್ಟುತ್ತದೆ, ಅದಕ್ಕೆಂದೇ ಫಿಲ್ಟರ್ ಹಾಕಬೇಕಾಗುತ್ತದೆ.

ಪ್ರೊಪೇನ್ ಉರಿದಾಗ ನೀರೂ ಹುಟ್ಟುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆ ಒಂದು ಸಣ್ಣ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು ಮುಕ್ಕಾಲು ಲೀಟರ್ ನೀರಿನಾವಿ ಗುಡಾರದೊಳಗೆ ಸೇರಿರುತ್ತದೆ. ಅದು ಚಾವಣಿಗೆ ತಗಲಿ ಹನಿಯಾಗಿ ಕುತ್ತಿಗೆಯ ಮೇಲೆ ಬೀಳುತ್ತದೆ, ಇಲ್ಲವೇ ಬಟ್ಟೆಯಲ್ಲಿಯೇ ಗಡ್ಡೆಕಟ್ಟಿ, ಸಂಜೆ ಗುಡಾರ ಮಡಚುವಾಗ ಹಪ್ಪಳದಂತೆ ಸದ್ದು ಮಾಡುತ್ತದೆ. ಮೇಲಿನ ಕಿಂಡಿ ತೆರೆದಿಟ್ಟರೆ ಇದೂ ತಕ್ಕಮಟ್ಟಿಗೆ ಹತೋಟಿಗೆ ಬರುತ್ತದೆ.

ಡೀಸೆಲ್ ಹೀಟರಿನಲ್ಲಿ ಈ ತೇವದ ಕಾಟವಿಲ್ಲ. ಅದರ ಉರಿಯುವ ಕೋಣೆ ಮುಚ್ಚಿರುತ್ತದೆ, ಒಂದು ಕೊಳವೆ ಹೊರಗಿನ ಗಾಳಿಯನ್ನು ಎಳೆಯುತ್ತದೆ, ಇನ್ನೊಂದು ಹೊಗೆಯನ್ನು ಹೊರಹಾಕುತ್ತದೆ, ಒಳಗೆ ಬರುವುದು ಒಣಗಿದ ಬಿಸಿಗಾಳಿ ಮಾತ್ರ. 2 ಕಿಲೋವ್ಯಾಟ್ ಮಾದರಿ ಹೆಚ್ಚಿನ ಗುಡಾರಗಳಿಗೆ ಸಾಕು; 5 ಕಿಲೋವ್ಯಾಟಿನದನ್ನು ತಂದು ಸದಾ ಅತಿ ಸಣ್ಣ ಉರಿಯಲ್ಲಿ ನಡೆಸಿದರೆ ಒಳಗೆ ಮಸಿ ಕಟ್ಟುತ್ತದೆ. ಇದಕ್ಕೆ 12 ವೋಲ್ಟಿನ ಬ್ಯಾಟರಿ ಬೇಕು, ಅದರಲ್ಲೂ ಹೊತ್ತಿಸುವಾಗ ಗ್ಲೋ ಪ್ಲಗ್ ಬಹಳಷ್ಟು ವಿದ್ಯುತ್ ಎಳೆಯುವುದರಿಂದ ಅರೆಬರೆ ಚಾರ್ಜ್ ಆದ ಬ್ಯಾಟರಿ ಅಲ್ಲಿಯೇ ಸೋಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಬಳಸಬಹುದು. ಚಳಿಗಾಲದ ಡೀಸೆಲ್ ಅನ್ನೇ ತುಂಬಿಸಬೇಕು, ಸಾಮಾನ್ಯ ಡೀಸೆಲ್ ಮೇಣದಂತೆ ಗಟ್ಟಿಯಾಗಿ ಪಂಪನ್ನು ಕಟ್ಟುತ್ತದೆ. ಹೊಗೆಕೊಳವೆಯ ಬಾಯಿ ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ, ಗುಡಾರದ ಕಿಂಡಿಗಳಿಂದ ದೂರವಿರಬೇಕು. ಹೊಗೆ ಹೊರಗೆ ಹೋಗುತ್ತದೆಂದು ಅಲಾರಂ ಬಿಟ್ಟು ಬರುವುದು ಇಲ್ಲಿಯೂ ಸಲ್ಲದು, ಕೊಳವೆಯ ಒಂದು ಹಿಡಿಕೆ ಸಡಿಲವಾದರೆ ಸಾಕು.

ಸೌದೆ ಒಲೆ ಚಿಮಣಿಗೆಂದೇ ಶಾಖ ತಡೆಯುವ ರಂಧ್ರವಿರುವ ಗುಡಾರಗಳಿಗೆ ಮಾತ್ರ. ಬ್ಯಾಟರಿಯಿಂದ ನಡೆಯುವ ವಿದ್ಯುತ್ ಹೀಟರಿನ ಆಸೆಯನ್ನು ಬಿಡುವುದೇ ಲೇಸು: 12 ವೋಲ್ಟ್, 100 ಆಂಪಿಯರ್ ಅವರ್ ಬ್ಯಾಟರಿಯನ್ನು 1 ಕಿಲೋವ್ಯಾಟ್ ಹೀಟರ್ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸಿಬಿಡುತ್ತದೆ.

ಅಂಗಡಿಯಲ್ಲಿ ಹೀಟರನ್ನು ಕೈಗೆತ್ತಿಕೊಂಡು ನೋಡಬೇಕಾದುದು ಕೆಲವಿದೆ. ಉರುಳಿದರೆ ತಾನಾಗಿ ಆರುವ ಸ್ವಿಚ್ ಇದೆಯೇ, ಬುಡ ಅಗಲವಾಗಿದೆಯೇ, ಮುಂದಿನ ತಂತಿಬಲೆ ಗಟ್ಟಿಯಾಗಿದೆಯೇ, ದಪ್ಪ ಕೈಗವಸು ಹಾಕಿಕೊಂಡೇ ಗುಂಡಿಯನ್ನು ತಿರುಗಿಸಿ ಒತ್ತಿಹಿಡಿಯಲು ಆಗುತ್ತದೆಯೇ. ಈ ಕೊನೆಯದು ಸಣ್ಣದೆನಿಸಬಹುದು, ಆದರೆ ಥರ್ಮೋಕಪಲ್ ಕಾಯುವವರೆಗೆ ಅರ್ಧ ನಿಮಿಷ ಗುಂಡಿಯನ್ನು ಒತ್ತಿಯೇ ಇರಬೇಕಾಗುತ್ತದೆ, ಮತ್ತು ಚಳಿಯಲ್ಲಿ ಬರಿಗೈಗೆ ಆ ಅರ್ಧ ನಿಮಿಷ ಬಹಳ ದೊಡ್ಡದು. ಗುಡಾರದಲ್ಲಿ ಹೀಟರಿನ ಮುಂದೆ ಮುಕ್ಕಾಲು ಮೀಟರಾದರೂ ಖಾಲಿ ಜಾಗ ಉಳಿಯುವಂತಿರಬೇಕು, ಕೈಪಿಡಿ ಅದಕ್ಕಿಂತ ಹೆಚ್ಚು ಹೇಳಿದ್ದರೆ ಅಷ್ಟು. ಗುಡಾರದ ಬಟ್ಟೆಯೂ ಮೈಮೇಲಿನ ನೈಲಾನ್ ಜಾಕೆಟ್ಟೂ ಹೊತ್ತಿಕೊಳ್ಳುವ ಮೊದಲು ಕರಗಿ ಅಂಟುತ್ತವೆ. ಹೀಟರನ್ನು ನೇರವಾಗಿ ಮಂಜುಗಡ್ಡೆಯ ಮೇಲಿಡದೆ ಮರದ ಹಲಗೆಯ ಮೇಲಿಡಬೇಕು, ಇಲ್ಲದಿದ್ದರೆ ಅಡಿಯ ಮಂಜು ಕರಗಿ ಹೀಟರ್ ವಾಲುತ್ತದೆ.

ಕೊಂಡ ಮೇಲೆ ಮೊದಲ ಸಲ ಹಚ್ಚುವುದು ಸರೋವರದ ಮೇಲಾಗಬಾರದು. ಮನೆಯ ಹೊರಗೆ, ಬಯಲಿನಲ್ಲಿ ಜೋಡಿಸಿ, ಕೀಲುಗಳಿಗೆಲ್ಲ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಮೈನಸ್ ಹತ್ತರಲ್ಲಿ ಆ ನೀರೇ ಹೆಪ್ಪುಗಟ್ಟುವುದರಿಂದ ಈ ಪರೀಕ್ಷೆಯನ್ನು ಅಲ್ಲಿ ಮಾಡಲಾಗುವುದಿಲ್ಲ. ಉರಿಯುತ್ತಿರುವಾಗ ಹೀಟರನ್ನು ನಿಧಾನವಾಗಿ ವಾಲಿಸಿ ಅದು ಆರುತ್ತದೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಸಿಲಿಂಡರ್ ಪೂರ್ತಿ ಮುಗಿಯುವವರೆಗೆ ಉರಿಸಿ ಗಡಿಯಾರ ನೋಡಿಕೊಂಡರೆ ಎಷ್ಟು ಸಿಲಿಂಡರ್ ಹೊರಬೇಕೆಂದೂ ತಿಳಿಯುತ್ತದೆ. ಕಿಡಿ ಹಾರಿಸುವ ಗುಂಡಿ ತೇವಕ್ಕೆ ಮೊದಲು ಕೆಡುವ ಭಾಗವಾದ್ದರಿಂದ, ಉದ್ದ ಮೂತಿಯ ಲೈಟರ್ ಒಂದನ್ನು ಹೀಟರಿನ ಚೀಲದಲ್ಲಿಯೇ ಶಾಶ್ವತವಾಗಿ ಇಟ್ಟುಬಿಡಬೇಕು.