ಹಳೇ ಟ್ರ್ಯಾಕ್ಟರ್ ಕೊಳ್ಳೋರು ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ

ಹಳೇ ಟ್ರ್ಯಾಕ್ಟರ್ ನೋಡಲು ಹೋದವರು ಮೊದಲು ಏನು ನೋಡುತ್ತಾರೆ ಗೊತ್ತಾ? ಬಣ್ಣ. ಆಮೇಲೆ ಸೀಟಿನ ಕವರ್. ಆಮೇಲೆ ಹತ್ತಿ ಕೂತು ಒಂದು ಫೋಟೊ. ಬಾನೆಟ್ ಹೊಳೆಯುತ್ತಿದ್ದರೆ ವ್ಯಾಪಾರ ಅರ್ಧ ಕುದುರಿದ ಹಾಗೆ. ನನಗಂತೂ ಇದನ್ನು ನೋಡಿ ನೋಡಿ ಸಾಕಾಗಿದೆ. ಬಣ್ಣ ಬಳಿಯಲು ಒಂದು ದಿನ ಸಾಕು. ಸಿಲಿಂಡರ್ ಸವೆದರೆ ಎಂಜಿನ್ನನ್ನೇ ಬಿಚ್ಚಿ ಹಾಕಬೇಕು. ಹೊಸ ಬಣ್ಣ ಹೊಡೆದ ಹಳೇ ಟ್ರ್ಯಾಕ್ಟರ್ ಕಂಡರೆ ನನಗೆ ಅನುಮಾನವೇ ಜಾಸ್ತಿ. ಆಯಿಲ್ ಎಲ್ಲಿ ಸೋರುತ್ತಿತ್ತು, ಎಲ್ಲಿ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿಸಿದ್ದಾರೆ, ಎಲ್ಲ ಅದರ ಅಡಿ ಮುಚ್ಚಿಹೋಗಿರುತ್ತದೆ. ದೂಳು, ಜಿಡ್ಡು ಹಾಗೇ ಇರುವ ಗಾಡಿಯಾದರೆ ಸೋರುವ ಜಾಗ ತಾನಾಗಿಯೇ ಕಾಣುತ್ತದೆ.

ನೋಡಲು ಬೆಳಿಗ್ಗೆಯೇ ಹೋಗಿ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಎಷ್ಟು ಒದ್ದಾಡುತ್ತದೆ ಅನ್ನೋದನ್ನೇ ಅಲ್ವಾ ನೀವು ನೋಡಬೇಕಾದ್ದು?

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ, ಡೀಸೆಲ್ ಎಂಜಿನ್‌ನಲ್ಲಿ ಅದು ಬೇಗ ಕಪ್ಪಾಗುತ್ತದೆ. ಹಾಲು ಬೆರೆಸಿದ ಬಣ್ಣ ಬಂದಿದ್ದರೆ ಮಾತ್ರ ನೀರು ಸೇರಿದೆ, ಅಲ್ಲಿಂದಲೇ ಮನೆಗೆ ಹೊರಡಿ. ರೇಡಿಯೇಟರ್ ಮುಚ್ಚಳವನ್ನೂ ತಣ್ಣಗಿರುವಾಗಲೇ ತೆಗೆಯಬೇಕು. ನೀರಿನ ಮೇಲೆ ಜಿಡ್ಡು ತೇಲಬಾರದು. ಸ್ಟಾರ್ಟ್ ಆದ ಮೇಲೆ ಒಳಗಿಂದ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರ್ ಹೆಡ್ ಅಡಿಯ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

ಹೊಗೆ ನೋಡಲು ಎಲ್ಲರಿಗೂ ಬರುತ್ತದೆ ಅಂದುಕೊಂಡಿದ್ದೆ. ಇಲ್ಲ. ಚೂರು ಹೊಗೆ ಕಂಡರೂ ಬೇಡ ಅನ್ನುವವರಿದ್ದಾರೆ, ನೀಲಿ ಹೊಗೆ ಕಂಡರೂ ಪರವಾಗಿಲ್ಲ ಅನ್ನುವವರೂ ಇದ್ದಾರೆ. ಚಳಿಗೆ ಮೊದಲಿಗೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಅದು ದೊಡ್ಡ ವಿಷಯ ಅಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಲೋಡ್ ಇಲ್ಲದಿದ್ದರೂ ದಟ್ಟ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಚಿಮ್ಮಿಸುವ ನಾಜಲ್ ಸರಿಯಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಅಂತ ಹೊಗೆ ಒತ್ತಿ ಬಂದರೆ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಒಳಗೋಡೆಯಾದ ಲೈನರ್ ಸವೆದಿವೆ.

ಎಂಜಿನ್ ಇಷ್ಟು ಗಂಟೆ ಓಡಿದೆ ಅಂತ ಮೀಟರು ತೋರಿಸುವುದನ್ನು ನಂಬಿ ದುಡ್ಡು ಕೊಡಬೇಡಿ. ಹಳೇ ಮೀಟರ್‌ಗಳು ಕೇಬಲ್‌ನಿಂದ ತಿರುಗುತ್ತವೆ. ಕೇಬಲ್ ಕಿತ್ತುಹೋಗಿದ್ದರೆ ಗಂಟೆ ಅಲ್ಲಿಗೇ ನಿಂತಿರುತ್ತದೆ. ಕ್ಲಚ್, ಬ್ರೇಕ್ ಪೆಡಲ್ ಎಷ್ಟು ಸವೆದಿವೆ ನೋಡಿ, ಅವು ಸುಳ್ಳು ಹೇಳುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಾನು ಮೊದಲು ಬಿಚ್ಚಿಸುವುದು ಏರ್ ಕ್ಲೀನರ್. ಹಳೇ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಗಾಳಿ ಆ ಆಯಿಲ್‌ಗೆ ಬಡಿದು ತಿರುಗಿಕೊಂಡು, ಮೇಲಿನ ಜಾಲರಿ ದಾಟಿ ಎಂಜಿನ್‌ಗೆ ಹೋಗುತ್ತದೆ. ದೂಳು ಆಯಿಲ್‌ನಲ್ಲಿ ಉಳಿದು ತಳಕ್ಕೆ ಇಳಿಯುತ್ತದೆ. ಮಾರುವವನು ಏನೇ ಹೇಳಲಿ, ಆ ಬಟ್ಟಲು ಬಿಚ್ಚಿದರೆ ಅವನ ಮನೆಯ ಸಿಂಕಿನ ಕೆಳಗೆ ಬಗ್ಗಿ ನೋಡಿದ ಹಾಗೆ. ತಳದಲ್ಲಿ ಗಟ್ಟಿ ಕೆಸರು ಕೂತಿದ್ದರೆ, ಆಯಿಲ್ ಒಣಗಿ ಹೋಗಿದ್ದರೆ, ಆ ಎಂಜಿನ್ ವರ್ಷಗಟ್ಟಲೆ ಮಣ್ಣು ತಿಂದಿದೆ.

ಇದು ಯಾಕೆ ಇಷ್ಟು ಮುಖ್ಯ ಅಂತ ಹುಡುಗರು ಕೇಳುತ್ತಾರೆ. ಮ್ಯಾಸ್ಸಿ ಫರ್ಗುಸನ್ 35ರ ಮೂರು ಸಿಲಿಂಡರ್ ಡೀಸೆಲ್ ಎಂಜಿನ್ ಸುಮಾರು 2.5 ಲೀಟರಿನದು. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಅದು ನಿಮಿಷಕ್ಕೆ 2000 ಲೀಟರ್‌ಗೂ ಹೆಚ್ಚು ಗಾಳಿ ಎಳೆಯುತ್ತದೆ. ಉಳುವ ಹೊಲದ ಗಾಳಿ ಅದು. ಆ ದೂಳಿನಲ್ಲಿರುವ ಮರಳಿನ ಕಣ ಒಳಗೆ ಹೋಗಿ ಆಯಿಲ್ ಜೊತೆ ಸೇರಿದರೆ ಲೈನರ್, ರಿಂಗು ಎಲ್ಲ ಉಜ್ಜಿ ತಿನ್ನುತ್ತದೆ. ಆಮೇಲೆ ದುಬಾರಿ ಆಯಿಲ್ ಹಾಕಿ ಏನು ಬಂತು?

ನಮ್ಮನೆಗೆ ಮೊದಲ ಟ್ರ್ಯಾಕ್ಟರ್ ಬಂದಾಗ ಉಳುವುದು ಯಜಮಾನರ ಕೆಲಸ, ಈ ಬಟ್ಟಲು ತೊಳೆಯುವುದು ನನ್ನ ಕೆಲಸ. ಕಲಿಸಿಕೊಟ್ಟವರು ಒಬ್ಬ ವಯಸ್ಸಾದ ಮೆಕ್ಯಾನಿಕ್. ಮಾತು ಕಡಿಮೆ, ಕೈ ಮಾತ್ರ ಬಲು ಚೊಕ್ಕ. ಸಂಜೆ ಪಾತ್ರೆ ತೊಳೆದಾದ ಮೇಲೆ ನಾನು ಈ ಬಟ್ಟಲು ಹಿಡಿದು ಕೂರುತ್ತಿದ್ದೆ. ಮನೆಯವರು ನಗುತ್ತಿದ್ದರು. ನಗಲಿ ಬಿಡಿ, ಆ ಎಂಜಿನ್ ಎಷ್ಟೋ ವರ್ಷ ರಿಂಗ್ ಬದಲಾಯಿಸದೆ ಓಡಿತು.

ಬಟ್ಟಲು ತೊಳೆಯುವ ಕ್ರಮ ಹೀಗೆ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಡಿ, ಜಾಲರಿಯ ಆಯಿಲ್ ಕೆಳಗೆ ಇಳಿಯಬೇಕು. ಬಿಚ್ಚುವ ಮುಂಚೆ ಹೊರಗಿನ ದೂಳು ಒರೆಸಿ. ಹುಡುಗರು ಇದನ್ನೇ ಬಿಡುತ್ತಾರೆ. ಬಿಚ್ಚುವಾಗ ಹೊರಗಿನ ಮಣ್ಣೆಲ್ಲ ಒಳಗೆ ಬಿದ್ದರೆ ತೊಳೆದು ಏನು ಪ್ರಯೋಜನ? ಒಂದು ಕೈ ಬಟ್ಟಲಿನ ಕೆಳಗೆ ಇಟ್ಟುಕೊಂಡೇ ಕ್ಲಿಪ್ ಸಡಿಲಿಸಿ, ಅದು ಭಾರ ಇರುತ್ತದೆ. ಹಳೇ ಆಯಿಲ್ಲನ್ನು ಡಬ್ಬಕ್ಕೆ ಸುರಿಯಿರಿ, ಮಣ್ಣಿಗಲ್ಲ, ಬಾವಿಯ ಹತ್ತಿರವಂತೂ ಅಲ್ಲವೇ ಅಲ್ಲ. ತಳದ ಕೆಸರನ್ನು ಮರದ ಚೂರಿನಿಂದ ಕೆರೆದು ತೆಗೆಯಿರಿ. ಆಮೇಲೆ ಡೀಸೆಲ್‌ನಲ್ಲಿ ತೊಳೆಯಿರಿ. ಪೆಟ್ರೋಲ್ ಬೇಡ, ಬೆಂಕಿ ಹತ್ತುವ ವಸ್ತು. ಸೋಪಿನ ನೀರೂ ಬೇಡ. ಒರೆಸಲು ನೂಲು ಬಿಡದ ಹಳೇ ಹತ್ತಿ ಬಟ್ಟೆ ಆಗಬೇಕು.

ಬಿಚ್ಚಲು ಬರುವ ಜಾಲರಿಯಾದರೆ ಅದನ್ನೂ ಡೀಸೆಲ್‌ನಲ್ಲಿ ಅದ್ದಿ, ಅಲ್ಲಾಡಿಸಿ, ಮತ್ತೆ ಅದ್ದಿ. ಹೊರಬರುವ ಡೀಸೆಲ್ ತಿಳಿಯಾಗುವ ತನಕ ಬಿಡಬೇಡಿ. ನಂತರ ಪೂರ್ತಿ ಸೋರಲು ನಿಲ್ಲಿಸಿ ಇಡಿ. ಅವಸರ ಮಾಡಿ ಡೀಸೆಲ್ ತೊಟ್ಟಿಕ್ಕುವಾಗಲೇ ಹಾಕಿದರೆ ಎಂಜಿನ್ ಅದನ್ನೇ ಎಳೆದುಕೊಂಡು ಓಡತೊಡಗುತ್ತದೆ, ನಿಲ್ಲಿಸಲೂ ಬರುವುದಿಲ್ಲ.

ಬಟ್ಟಲಿಗೆ ಹೊಸ ಎಂಜಿನ್ ಆಯಿಲ್ ಹಾಕಿ. ಎಂಜಿನ್‌ನಿಂದ ಇಳಿಸಿದ ಕಪ್ಪು ಆಯಿಲ್ಲನ್ನೇ ಇಲ್ಲಿಗೆ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉಳಿತಾಯವಂತೆ! ಬಟ್ಟಲಿನ ಒಳಗೆ ಒಂದು ಗೆರೆ ಇರುತ್ತದೆ, ಅಲ್ಲಿಗೆ ನಿಲ್ಲಿಸಿ. ಕಡಿಮೆಯಾದರೆ ದೂಳು ದಾಟುತ್ತದೆ. ಜಾಸ್ತಿಯಾದರೆ ಆಯಿಲ್ಲೇ ಎಂಜಿನ್ ಒಳಗೆ ಹೋಗುತ್ತದೆ. ಎಣ್ಣೆ ಹೆಚ್ಚು ಹಾಕಿದರೆ ಒಳ್ಳೆಯದು ಅನ್ನುವ ಈ ರೋಗ ಹೊಲಿಗೆ ಯಂತ್ರದ ಹತ್ತಿರವೂ ಇದೆ. ಒಂದು ತೊಟ್ಟು ಸಾಕಾಗುವ ಕಡೆ ಸುರಿದು, ಆಮೇಲೆ ಹೊಸ ಬಟ್ಟೆ ಮೇಲೆ ಕಲೆ ಮಾಡಿಕೊಂಡು ಅಳುತ್ತಾರೆ.

ರಬ್ಬರ್ ರಿಂಗ್ ಅದರ ಜಾಗದಲ್ಲಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ ಕ್ಲಿಪ್ ಬಿಗಿ ಮಾಡಿ. ಇಲ್ಲಿಗೆ ಮುಗಿಯಲಿಲ್ಲ. ಏರ್ ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪು ಇದೆಯಲ್ಲ, ಅದನ್ನು ಬಗ್ಗಿಸಿ ನೋಡಿ. ಬಿರುಕು ಕ್ಲಿಪ್ಪಿನ ಅಡಿಯಲ್ಲೇ ಅಡಗಿರುತ್ತದೆ. ಪೈಪು ಕಳಚಿ ಒಳಗೆ ಬೆರಳು ಸವರಿ. ಬೆರಳಿಗೆ ದೂಳು ಅಂಟಿದರೆ ಗಾಳಿ ಕಳ್ಳದಾರಿಯಲ್ಲಿ ಹೋಗುತ್ತಿದೆ. ಕೊನೆಗೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಗಾಳಿ ಒಳಹೋಗುವ ಬಾಯಿಗೆ ಒಂದು ಚಪ್ಪಟೆ ಹಲಗೆ ಒತ್ತಿ ಮುಚ್ಚಿ, ಕೈಯಿಂದ ಬೇಡ. ಎಂಜಿನ್ ನಿಲ್ಲಬೇಕು. ಓಡುತ್ತಲೇ ಇದ್ದರೆ ಬೇರೆಲ್ಲಿಂದಲೋ ಗಾಳಿ ಎಳೆಯುತ್ತಿದೆ, ಹುಡುಕಿ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಬೇಡಿ. ದೂಳಿನ ಕೆಲಸವಿದ್ದರೆ ದಿನಾ ಬಟ್ಟಲು ನೋಡಿ. ಕೆಸರು ಅರ್ಧ ಉಗುರಿನಷ್ಟು ಕೂತಿದ್ದರೆ ತೊಳೆಯಿರಿ. ಕಾಗದದ ಫಿಲ್ಟರ್ ಇರುವ ಗಾಡಿಯಾದರೆ ಅದನ್ನು ಟೈರಿಗೆ ಬಡಿದು ಬಡಿದು ಹಾಳು ಮಾಡಬೇಡಿ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿ. ಹರಿದಿದ್ದರೆ ಬಿಸಾಡಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕೊಳ್ಳುವ ಮುಂಚೆ ಭಾರದ ನೇಗಿಲು ಕಟ್ಟಿಸಿ, ಲಿಫ್ಟ್ ಎತ್ತಿ ಎಂಜಿನ್ ನಿಲ್ಲಿಸಿ. ನೇಗಿಲು ನೋಡುನೋಡುತ್ತಲೇ ಕೆಳಗಿಳಿದರೆ ಹೈಡ್ರಾಲಿಕ್ ಸೀಲ್ ಅಥವಾ ವಾಲ್ವ್ ಕೆಲಸ ಇದೆ. ಅದರ ಅಡಿ ಮಾತ್ರ ಯಾರೂ ಕೈ ಕಾಲು ಇಡಬೇಡಿ. ಮುಂದಿನ ಆಕ್ಸಲ್ ಜಾಕ್ ಮೇಲೆ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಚಕ್ರ ಹಿಡಿದು ಅಲುಗಾಡಿಸಿ, ಸಡಿಲ ಇರಬಾರದು. ಲೋಡ್ ಹಾಕಿ ಓಡಿಸುವಾಗ ಗೇರ್ ತಾನಾಗಿ ಜಾರಬಾರದು. ಹಿಂದಿನ ಎರಡೂ ಟೈರ್ ಒಂದೇ ಅಳತೆ, ಒಂದೇ ಸವೆತ ಇರಲಿ. ದಾಖಲೆಯ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದುತ್ತದಾ ನೋಡಿ, ಸಾಲ ಬಾಕಿ ಇದೆಯಾ ಕೇಳಿ. ಬಿಡಿಭಾಗ ಸಿಗದ ಮಾಡೆಲ್ ಎಷ್ಟೇ ಅಗ್ಗವಾದರೂ ಬೇಡ.

ನೇಗಿಲನ್ನು ಮೂರು ಕಡೆ ಹಿಡಿದು ಎತ್ತುವ, ಎಂಜಿನಿಯರ್ ಹ್ಯಾರಿ ಫರ್ಗುಸನ್ ಅವರ ಮೂರು ಕೊಂಡಿಯ ಲಿಫ್ಟ್ 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಜೊತೆ ಎಲ್ಲೆಡೆ ಹರಡಿತು. ಇವತ್ತಿನ ಸಲಕರಣೆಯೂ ಅದೇ ಮಾದರಿ. ಅದಕ್ಕೇ ಹಳೇ ಗಾಡಿಗೂ ಹೊಸ ನೇಗಿಲು ಕಟ್ಟಬಹುದು. ಆದರೆ ಪಿನ್ನಿನ ಅಳತೆ ನೋಡಿ. ಕೆಳಗಿನ ಪಿನ್ ಸಣ್ಣ ಗಾಡಿಗಳಲ್ಲಿ ಸುಮಾರು 22 ಮಿಲಿಮೀಟರ್, ದೊಡ್ಡವುಗಳಲ್ಲಿ ಸುಮಾರು 28. ದೊಡ್ಡ ತೂತಿಗೆ ಸಣ್ಣ ಪಿನ್ ತೂರಿಸಿ ತಂತಿ ಸುತ್ತುವ ಚಾಳಿ ಬಿಡಿ, ತೂತಿಗೆ ಸರಿಹೊಂದುವ ಲೋಹದ ಬಳೆ, ಅಂದರೆ ಬುಷ್ ಹಾಕಿಸಿ.

ಕೆಲಸ ಮುಗಿದ ಸಂಜೆಯೇ ಡೀಸೆಲ್ ಟ್ಯಾಂಕ್ ತುಂಬಿಸಿ. ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ನೀರು ಹನಿಗಟ್ಟುತ್ತದೆ. ಡೀಸೆಲ್ ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲಲ್ಲಿ ನೀರು ಕಂಡರೆ ಇಳಿಸಿ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪ್ ಒತ್ತಿ. ನಾಜಲ್‌ನಿಂದ ಚಿಮ್ಮುವ ಡೀಸೆಲ್‌ಗೆ ಬೆರಳು ಅಡ್ಡ ಹಿಡಿಯಬೇಡಿ, ಆ ರಭಸ ಚರ್ಮ ತೂರಿ ಒಳಗೆ ಹೋಗುತ್ತದೆ.

ಇನ್ನೊಂದು ಬೈಗುಳ ಬಾಕಿ ಇದೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಪಿಟಿಒ ಶಾಫ್ಟಿನ ಕವಚ ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ 9. ಟವೆಲ್ಲಿನ ತುದಿ ಸಿಕ್ಕಿದರೆ ಕೂಗಲೂ ಹೊತ್ತಿರುವುದಿಲ್ಲ. ನೆಲದ ಮೇಲೆ ನಿಂತು ಸ್ಟಾರ್ಟರ್‌ಗೆ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡುವುದೂ ಅಷ್ಟೇ. ಗಾಡಿ ಗೇರಿನಲ್ಲಿದ್ದರೆ ಮೇಲೆಯೇ ಹತ್ತುತ್ತದೆ. ಸ್ವಿಚ್ ಕೆಟ್ಟಿದ್ದರೆ ಹೊಸ ಸ್ವಿಚ್ ಹಾಕಿಸಿ, ಅದಕ್ಕೂ ಚೌಕಾಸಿ ಮಾಡಬೇಡಿ.